ನೇತ್ರಾಣಿ ಸಮುದ್ರದಲ್ಲಿ ಸ್ಕೂಬಾ ಡೈವಿಂಗ್ ಮತ್ತು ಬಣ್ಣದ ಸೀ ಸ್ಲಗ್‌ಗಳ ವೀಕ್ಷಣೆ: ಯಾದಗಿರಿ, ಶಹಾಪುರ ಹಾಗೂ ಸುರಪುರದ ನಾಗರಿಕರಿಗೆ ಮಾಹಿತಿ

ಪೀಠಿಕೆ

ಯಾದಗಿರಿ, ಶಹಾಪುರ ಹಾಗೂ ಸುರಪುರ ಪ್ರದೇಶವು ಕೃಷ್ಣಾ ಮತ್ತು ಭೀಮಾ ನದಿಗಳು ಹರಿಯುವ ಒಳನಾಡು. ಇಲ್ಲಿಂದ ಸಮುದ್ರಕ್ಕೆ ತಲುಪಲು ರಾಜ್ಯದ ಪೂರ್ವ ಅಂಚಿನಿಂದ ಪಶ್ಚಿಮ ಅಂಚಿನವರೆಗೆ ಪ್ರಯಾಣಿಸಬೇಕಾಗುತ್ತದೆ. ಆದಾಗ್ಯೂ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಲು ಒಳನಾಡಿನ ಜಿಲ್ಲೆಗಳ ಯುವಜನರೂ ಕುಟುಂಬಗಳೂ ಆಸಕ್ತಿ ತೋರುತ್ತಿದ್ದಾರೆ. 2022ರಲ್ಲಿ ಬಿಡುಗಡೆಯಾದ ‘ಗಂಧದಗುಡಿ’ ಸಾಕ್ಷ್ಯಚಿತ್ರದಲ್ಲಿ ದಿವಂಗತ ಪುನೀತ್ ರಾಜ್‌ಕುಮಾರ್ ಅವರು ನೇತ್ರಾಣಿಯ ನೀರಿನಡಿಗೆ ಇಳಿದ ದೃಶ್ಯಗಳನ್ನು ಕಂಡ ನಂತರ ಈ ದ್ವೀಪದ ಹೆಸರು ಮನೆಮನೆಗೂ ತಲುಪಿದೆ.

ಹವಳ ಮತ್ತು ಮೀನುಗಳನ್ನು ಎಲ್ಲರೂ ಕಾಣುತ್ತಾರೆ. ಆದರೆ ಅದೇ ಬಂಡೆಗಳ ಮೇಲೆ ಹೆಬ್ಬೆರಳಿನಷ್ಟು ಉದ್ದದ, ಅಚ್ಚರಿಯ ಬಣ್ಣಗಳ ಸೀ ಸ್ಲಗ್ ಎಂಬ ಜೀವಿಗಳು ವಾಸಿಸುತ್ತವೆ. ಅವಸರದಿಂದ ಈಜುವವರಿಗೆ ಇವು ಕಾಣಿಸುವುದಿಲ್ಲ. ಇವುಗಳನ್ನು ಕಾಣಲು ಬೇಕಾದ ನಿಧಾನಗತಿ, ಸಮ ಉಸಿರಾಟ ಮತ್ತು ಮುಟ್ಟದಿರುವ ಶಿಸ್ತು ಇವೇ ಡೈವರ್‌ನ ಪ್ರಾಣವನ್ನೂ ಹವಳದ ಬಂಡೆಯನ್ನೂ ಕಾಪಾಡುತ್ತವೆ. ಆದುದರಿಂದ ಈ ಎರಡೂ ವಿಷಯಗಳನ್ನು ಒಟ್ಟಿಗೆ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡಂತೆ ನೀಡಲಾಗಿದೆ.

1. ಸೀ ಸ್ಲಗ್ ಎಂದರೇನು?

ಮಳೆಗಾಲದಲ್ಲಿ ನಮ್ಮ ಹೊಲದ ಬದುಗಳಲ್ಲಿ ಮತ್ತು ಕಾಲುವೆಯ ದಂಡೆಗಳಲ್ಲಿ ಕಂಡುಬರುವ ಬಸವನಹುಳು ಮೃದ್ವಂಗಿಗಳ ಗುಂಪಿಗೆ ಸೇರಿದೆ. ಸೀ ಸ್ಲಗ್‌ಗಳು ಅದೇ ಗುಂಪಿನ ಸಮುದ್ರವಾಸಿ ಬಂಧುಗಳು. ಮೊಟ್ಟೆಯಿಂದ ಹೊರಬಂದ ಮರಿಗೆ ಸಾಮಾನ್ಯವಾಗಿ ಸಣ್ಣ ಚಿಪ್ಪು ಇರುತ್ತದೆ. ಬೆಳೆದಂತೆ ಹೆಚ್ಚಿನ ಪ್ರಭೇದಗಳು ಆ ಚಿಪ್ಪನ್ನು ಕಳಚಿಕೊಳ್ಳುತ್ತವೆ. ಕೆಲವು ಪ್ರಭೇದಗಳಲ್ಲಿ ಮಾತ್ರ ದೇಹದೊಳಗೆ ಸಣ್ಣ ಚಿಪ್ಪು ಉಳಿಯುತ್ತದೆ.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದ ಗುಂಪನ್ನು ನ್ಯೂಡಿಬ್ರಾಂಕ್ ಎಂದು ಕರೆಯಲಾಗುತ್ತದೆ. ಬಯಲಾದ ಕಿವಿರುಗಳುಳ್ಳದ್ದು ಎಂಬುದು ಈ ಹೆಸರಿನ ಅರ್ಥ. ಪ್ರಪಂಚದಲ್ಲಿ ಸುಮಾರು 3,000 ಪ್ರಭೇದದ ನ್ಯೂಡಿಬ್ರಾಂಕ್‌ಗಳು ದಾಖಲಾಗಿವೆ. ಕೆಲವು ಅಕ್ಕಿಕಾಳಿಗಿಂತ ಸಣ್ಣವು, ಕೆಲವು ಒಂದು ಅಡಿಗೂ ಮೀರಿದವು. ಬಹುತೇಕ ಪ್ರಭೇದಗಳು 1ರಿಂದ 6 ಸೆಂಟಿಮೀಟರ್ ಉದ್ದವಿರುತ್ತವೆ. ಹೆಚ್ಚಿನವುಗಳ ಆಯುಷ್ಯ ಒಂದು ವರ್ಷ ಅಥವಾ ಅದಕ್ಕೂ ಕಡಿಮೆ.

ತಲೆಯ ಮೇಲೆ ಎರಡು ಕೊಂಬುಗಳಂತಹ ಅಂಗಗಳಿರುತ್ತವೆ. ಅವು ಕಣ್ಣುಗಳಲ್ಲ. ನೀರಿನಲ್ಲಿನ ವಾಸನೆಯನ್ನು ಗ್ರಹಿಸಿ ಆಹಾರವನ್ನೂ ಸಂಗಾತಿಯನ್ನೂ ಪತ್ತೆಹಚ್ಚುವ ಅಂಗಗಳು. ಕಣ್ಣುಗಳು ಬಹಳ ಚಿಕ್ಕವಾಗಿದ್ದು, ಬೆಳಕು ಮತ್ತು ಕತ್ತಲೆಯ ವ್ಯತ್ಯಾಸವನ್ನಷ್ಟೇ ತಿಳಿಯಬಲ್ಲವು. ಹೀಗಾಗಿ ತನ್ನ ಮೈಮೇಲಿನ ಬಣ್ಣವನ್ನು ಸ್ವತಃ ಸೀ ಸ್ಲಗ್ ಕಾಣಲಾರದು. ಪ್ರತಿಯೊಂದು ಜೀವಿಯಲ್ಲಿಯೂ ಗಂಡು ಹಾಗೂ ಹೆಣ್ಣು ಎರಡೂ ಅಂಗಗಳಿರುತ್ತವೆ. ಕೂಡಿದ ನಂತರ ಎರಡೂ ಜೀವಿಗಳು ಮೊಟ್ಟೆ ಇಡಬಲ್ಲವು.

2. ಬಣ್ಣಕ್ಕೆ ಕಾರಣ

ಚಿಪ್ಪಿಲ್ಲದ, ಓಡಲಾರದ ಪ್ರಾಣಿಗೆ ಬಣ್ಣವೇ ಎಚ್ಚರಿಕೆಯ ಫಲಕ. ‘ನಾನು ವಿಷಕಾರಿ, ತಿನ್ನಬೇಡ’ ಎಂದು ಮೀನುಗಳಿಗೆ ಈ ಬಣ್ಣ ತಿಳಿಸುತ್ತದೆ. ಈ ವಿಷವನ್ನು ಅನೇಕ ಸೀ ಸ್ಲಗ್‌ಗಳು ತಮ್ಮ ಆಹಾರದಿಂದಲೇ ಪಡೆಯುತ್ತವೆ. ಸ್ಪಂಜು ತಿನ್ನುವ ಪ್ರಭೇದಗಳು ಸ್ಪಂಜಿನಲ್ಲಿರುವ ರಾಸಾಯನಿಕಗಳನ್ನು ತಮ್ಮ ಚರ್ಮದಲ್ಲಿ ಸಂಗ್ರಹಿಸಿಕೊಳ್ಳುತ್ತವೆ. ಹೈಡ್ರಾಯ್ಡ್ ಎಂಬ ಕುಟುಕುವ ಜೀವಿಗಳನ್ನು ತಿನ್ನುವ ಪ್ರಭೇದಗಳು ಅವುಗಳ ಕುಟುಕು ಕೋಶಗಳನ್ನು ಜೀರ್ಣಿಸದೆ, ತಮ್ಮ ಬೆನ್ನ ಮೇಲಿನ ಎಳೆಗಳ ತುದಿಯಲ್ಲಿ ಕೂಡಿಟ್ಟು ತಮ್ಮ ರಕ್ಷಣೆಗೆ ಬಳಸುತ್ತವೆ.

ಇನ್ನು ಕೆಲವು ಹಸಿರು ಸೀ ಸ್ಲಗ್‌ಗಳು ಪಾಚಿಯ ರಸ ಹೀರಿ, ಅದರಲ್ಲಿನ ಹರಿತ್ತನ್ನು ಹೊಂದಿದ ಕಣಗಳನ್ನು ದೇಹದಲ್ಲಿ ಉಳಿಸಿಕೊಳ್ಳುತ್ತವೆ. ಕೆಲವು ಪ್ರಭೇದಗಳಲ್ಲಿ ಈ ಕಣಗಳು ದಿನಗಟ್ಟಲೆ, ತಿಂಗಳುಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತವೆ. ಎಲ್ಲ ಸೀ ಸ್ಲಗ್‌ಗಳೂ ಬಣ್ಣಬಣ್ಣದವಲ್ಲ. ತಾವು ತಿನ್ನುವ ಸ್ಪಂಜಿನ ಬಣ್ಣವನ್ನೇ ಹೊಂದಿ ಕಣ್ಮರೆಯಾಗುವ ಪ್ರಭೇದಗಳೂ ಇವೆ.

3. ಪ್ರಮುಖ ಗುಂಪುಗಳು ಹಾಗೂ ಗುರುತುಗಳು

ಮೊದಲ ಬಾರಿಗೆ ವೀಕ್ಷಿಸುವವರು ಪ್ರಭೇದದ ಹೆಸರಿಗಿಂತ ಗುಂಪನ್ನು ಗುರುತಿಸಲು ಕಲಿಯುವುದು ಸೂಕ್ತ.

ಅ) ಡೋರಿಡ್ ಗುಂಪು: ದೇಹ ಚಪ್ಪಟೆ ಹಾಗೂ ಅಂಡಾಕಾರ. ಬೆನ್ನಿನ ಹಿಂಭಾಗದಲ್ಲಿ ಹೂವಿನ ಎಸಳುಗಳಂತೆ ಕಿವಿರುಗಳ ಗೊಂಚಲು. ಗಾಬರಿಯಾದಾಗ ಅನೇಕ ಪ್ರಭೇದಗಳು ಈ ಗೊಂಚಲನ್ನು ಒಳಗೆ ಎಳೆದುಕೊಳ್ಳುತ್ತವೆ. ಹೆಚ್ಚಾಗಿ ಸ್ಪಂಜುಗಳ ಮೇಲೆ ಕಾಣಸಿಗುತ್ತವೆ. ಮುಂಬಯಿಯ ಹೆಸರನ್ನು ಹೊತ್ತ, 1946ರಲ್ಲಿ ವಿವರಿಸಲಾದ ಗೋನಿಯೋಬ್ರಾಂಕಸ್ ಬಾಂಬೆಯಾನಸ್ ಈ ಗುಂಪಿನದು.

ಆ) ಏಯೋಲಿಡ್ ಗುಂಪು: ದೇಹ ಸಪೂರ. ಬೆನ್ನ ತುಂಬ ಬೆರಳಿನಂತಹ ಎಳೆಗಳ ಸಾಲು. ಹೈಡ್ರಾಯ್ಡ್‌ಗಳ ಮೇಲೆ ಹುಡುಕಬೇಕು.

ಇ) ಫಿಲಿಡಿಯಾ ಗುಂಪು: ಬೆನ್ನ ಮೇಲೆ ಗಂಟುಗಂಟಾದ ಉಬ್ಬುಗಳು. ಕಪ್ಪು, ನೀಲಿ-ಬೂದು ಹಾಗೂ ಹಳದಿ ಬಣ್ಣ. ಕಿವಿರುಗಳು ಬೆನ್ನ ಮೇಲಿರದೆ ದೇಹದ ಕೆಳ ಅಂಚಿನಲ್ಲಿರುತ್ತವೆ. ಲಕ್ಷದ್ವೀಪದಲ್ಲಿ ದಾಖಲಾಗಿರುವ ಫಿಲಿಡಿಯಾ ವೆರಿಕೋಸಾ ಇದಕ್ಕೆ ಉದಾಹರಣೆ. ಇದು ಹೊರಸೂಸುವ ರಾಸಾಯನಿಕವು ಮೀನುಗಳಿಗೆ ಮಾರಕವಾದುದು.

ಈ) ಕಡಲ ಮೊಲ: ತಲೆಯ ಮೇಲಿನ ಅಂಗಗಳು ಮೊಲದ ಕಿವಿಗಳಂತೆ ಕಾಣುವುದರಿಂದ ಈ ಹೆಸರು. ಪಾಚಿ ತಿನ್ನುತ್ತದೆ. ಕೆಣಕಿದಾಗ ಹಲವು ಪ್ರಭೇದಗಳು ನೇರಳೆ ಬಣ್ಣದ ಶಾಯಿಯನ್ನು ಚೆಲ್ಲುತ್ತವೆ. ಈ ಪ್ರಾಣಿಯ ನರಕೋಶಗಳು ಬಹಳ ದೊಡ್ಡವು. ಅವುಗಳನ್ನು ಆಧರಿಸಿ ನೆನಪು ಹೇಗೆ ಮೂಡುತ್ತದೆ ಎಂಬುದನ್ನು ವಿವರಿಸಿದ ವಿಜ್ಞಾನಿ ಎರಿಕ್ ಕ್ಯಾಂಡೆಲ್ ಅವರಿಗೆ 2000ದಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿದೆ.

ಉ) ಮೋಸಗೊಳಿಸುವ ಚಪ್ಪಟೆ ಹುಳುಗಳು: ಇವು ಸೀ ಸ್ಲಗ್‌ಗಳಲ್ಲ. ಕಾಗದದಷ್ಟು ತೆಳುವಾಗಿದ್ದು, ಅಂಚನ್ನು ಅಲೆಯಂತೆ ಆಡಿಸುತ್ತಾ ವೇಗವಾಗಿ ಸರಿಯುತ್ತವೆ. ಬೆನ್ನ ಮೇಲೆ ಕಿವಿರುಗಳಿರುವುದಿಲ್ಲ.

4. ಭಾರತದಲ್ಲಿ ಸೀ ಸ್ಲಗ್‌ಗಳ ಆರಂಭಿಕ ಅಧ್ಯಯನ

ಸುರಪುರದ ಟೇಲರ್ ಮಂಜಿಲ್ ಈ ಭಾಗದ ಜನರಿಗೆ ಚಿರಪರಿಚಿತ. ಅದರೊಂದಿಗೆ ಹೆಸರು ಬೆಸೆದಿರುವ ಮೆಡೋಸ್ ಟೇಲರ್ ಅವರ ಸಮಕಾಲೀನ ಅಧಿಕಾರಿ ವಾಲ್ಟರ್ ಎಲಿಯಟ್ (1803-1887). ಇವರು ಧಾರವಾಡ ಭಾಗದಲ್ಲಿ ಸೇವೆಯಲ್ಲಿದ್ದಾಗ ನೂರಾರು ಕನ್ನಡ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದವರು. ಇತಿಹಾಸಕಾರರಿಗೆ ಇವರ ಶಾಸನ ಸಂಗ್ರಹ ಪರಿಚಿತ. ಆದರೆ ಇವರು ಸೀ ಸ್ಲಗ್‌ಗಳನ್ನೂ ಸಂಗ್ರಹಿಸಿದ್ದರು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ.

ಎಲಿಯಟ್ ಅವರು ಮುಂದೆ ಉತ್ತರ ಸರ್ಕಾರ್ ಪ್ರಾಂತ್ಯದ ಕಮಿಷನರ್ ಆಗಿ ಇಂದಿನ ವಿಶಾಖಪಟ್ಟಣದ ವಾಲ್ಟೇರಿನಲ್ಲಿ ವಾಸವಿದ್ದರು. ಪೂರ್ವ ಕರಾವಳಿಯಲ್ಲಿ ಅವರು ಸಂಗ್ರಹಿಸಿದ ನ್ಯೂಡಿಬ್ರಾಂಕ್‌ಗಳನ್ನು ಆಧರಿಸಿ ಜೋಶುವಾ ಆಲ್ಡರ್ ಮತ್ತು ಆಲ್ಬನಿ ಹ್ಯಾನ್‌ಕಾಕ್ ಎಂಬ ಬ್ರಿಟಿಷ್ ವಿಜ್ಞಾನಿಗಳು 1864ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಕಳಿಂಗ ಆರ್ನೇಟಾ ಎಂಬ ಪ್ರಭೇದಕ್ಕೆ ಆ ಹೆಸರು ಬಂದದ್ದು ಈ ಪ್ರಬಂಧದಿಂದ. ಸ್ವಾತಂತ್ರ್ಯಾನಂತರದ ಅಧ್ಯಯನಗಳಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀಪಕ್ ಆಪ್ಟೆ ಅವರು 2009ರಲ್ಲಿ ಪ್ರಕಟಿಸಿದ ಲಕ್ಷದ್ವೀಪದ ಸೀ ಸ್ಲಗ್‌ಗಳ ಪಟ್ಟಿ ಗಮನಾರ್ಹವಾದುದು.

ಸತ್ತ ಸೀ ಸ್ಲಗ್‌ಅನ್ನು ದ್ರಾವಣದಲ್ಲಿಟ್ಟಾಗ ಅದರ ಬಣ್ಣ ಬೇಗನೆ ಮಾಸುತ್ತದೆ. ಆದುದರಿಂದಲೇ ಜೀವಂತ ಪ್ರಾಣಿಯ ಸ್ಪಷ್ಟ ಛಾಯಾಚಿತ್ರಕ್ಕೆ ವೈಜ್ಞಾನಿಕ ಬೆಲೆಯಿದೆ. ಸಾಮಾನ್ಯ ನಾಗರಿಕರು ತೆಗೆದ ಚಿತ್ರಗಳೂ ಉಪಯುಕ್ತ.

5. ನೇತ್ರಾಣಿ ದ್ವೀಪ

ನೇತ್ರಾಣಿಯು ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ಕಡಲತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದಲ್ಲಿದೆ. ಮೇಲಿನಿಂದ ನೋಡಿದಾಗ ಹೃದಯದ ಆಕಾರದಲ್ಲಿ ಕಾಣುವುದು ಇದರ ವೈಶಿಷ್ಟ್ಯ. ಪಾರಿವಾಳ ದ್ವೀಪ ಎಂಬ ಹೆಸರೂ ಇದಕ್ಕಿದೆ. ದ್ವೀಪದ ಸುತ್ತಲಿನ ಬಂಡೆಗಳ ಮೇಲೆ ಹವಳಗಳೂ ಸ್ಪಂಜುಗಳೂ ಬೆಳೆದಿವೆ. ಸೀ ಸ್ಲಗ್‌ಗಳಿಗೆ ಬೇಕಾದ ಆಹಾರ ಇದೇ ಆಗಿರುತ್ತದೆ.

ದೋಣಿ ಪ್ರಯಾಣಕ್ಕೆ ಒಂದು ಗಂಟೆಗೂ ಹೆಚ್ಚು ಕಾಲ ತಗಲುತ್ತದೆ. ಡೈವಿಂಗ್ ದೋಣಿಯಿಂದಲೇ ನಡೆಯುತ್ತದೆ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಡೈವಿಂಗ್ ಲಭ್ಯವಿರುತ್ತದೆ. ಮುಂಗಾರಿನಲ್ಲಿ ಸಮುದ್ರ ಪ್ರಕ್ಷುಬ್ಧವಾಗಿರುವುದರಿಂದ ಸ್ಥಗಿತಗೊಳ್ಳುತ್ತದೆ. ಋತುವಿನಲ್ಲಿಯೂ ಗಾಳಿ ಹೆಚ್ಚಾದ ದಿನ ದೋಣಿ ಹೊರಡುವುದಿಲ್ಲ. ಆದುದರಿಂದ ಊರಿನಿಂದ ಹೊರಡುವವರು ಒಂದು ದಿನವನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ಒಳಿತು.

6. ಅರ್ಹತೆ ಮತ್ತು ಅವಶ್ಯಕ ದಾಖಲೆಗಳು

ನೇತ್ರಾಣಿಯಲ್ಲಿ ಡೈವಿಂಗ್ ಅನ್ನು ಖಾಸಗಿ ಸಂಸ್ಥೆಗಳು ನಡೆಸುತ್ತವೆ. ಎರಡು ವಿಧದ ಅವಕಾಶಗಳಿವೆ.

ಅ) ಪರಿಚಯ ಡೈವ್: ಯಾವುದೇ ಪೂರ್ವ ತರಬೇತಿ ಇಲ್ಲದವರಿಗೆ. ತರಬೇತುದಾರರು ಇಡೀ ಅವಧಿಯಲ್ಲಿ ಜೊತೆಯಲ್ಲಿರುತ್ತಾರೆ. ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಗಳ ನಿಯಮದಂತೆ ಆಳ 12 ಮೀಟರ್ ಮೀರತಕ್ಕದ್ದಲ್ಲ.

ಆ) ಓಪನ್ ವಾಟರ್ ಕೋರ್ಸ್: ಮೂರು-ನಾಲ್ಕು ದಿನಗಳ ತರಬೇತಿ. ಪ್ರಮಾಣಪತ್ರ ಪಡೆದ ವಯಸ್ಕರು 18 ಮೀಟರ್ ಆಳದವರೆಗೆ ಇಳಿಯಬಹುದು. ಸೀ ಸ್ಲಗ್‌ಗಳನ್ನು ಹುಡುಕಿ ನೋಡುವ ಉದ್ದೇಶವುಳ್ಳವರಿಗೆ ಈ ಕೋರ್ಸ್ ಹೆಚ್ಚು ಸೂಕ್ತ. ನೀರಿನ ಮಧ್ಯೆ ಮೇಲೂ ಹೋಗದೆ ಕೆಳಗೂ ಇಳಿಯದೆ ಸ್ಥಿರವಾಗಿ ನಿಲ್ಲುವ ವಿದ್ಯೆಯನ್ನು ಇದರಲ್ಲಿ ಕಲಿಸಲಾಗುತ್ತದೆ.

ಎರಡಕ್ಕೂ ಕನಿಷ್ಠ ವಯಸ್ಸು ಸಾಮಾನ್ಯವಾಗಿ 10 ವರ್ಷ. ಹೊರಡುವಾಗ ಈ ಕೆಳಕಂಡವುಗಳನ್ನು ಇಟ್ಟುಕೊಳ್ಳತಕ್ಕದ್ದು:

• ಭಾವಚಿತ್ರವುಳ್ಳ ಗುರುತಿನ ಚೀಟಿ
• ಅಪ್ರಾಪ್ತ ವಯಸ್ಕರಿದ್ದಲ್ಲಿ ಪೋಷಕರ ಲಿಖಿತ ಒಪ್ಪಿಗೆ
• ಆರೋಗ್ಯದ ಪ್ರಶ್ನಾವಳಿಯಲ್ಲಿ ಯಾವುದೇ ಉತ್ತರ ‘ಹೌದು’ ಎಂದಾದಲ್ಲಿ ವೈದ್ಯರ ಲಿಖಿತ ಅನುಮತಿ
• ಪ್ರಮಾಣಪತ್ರ ಪಡೆದ ಡೈವರ್ ಆಗಿದ್ದಲ್ಲಿ ಪ್ರಮಾಣಪತ್ರ ಹಾಗೂ ಡೈವ್‌ಗಳ ದಾಖಲೆ ಪುಸ್ತಕ

ಅಸ್ತಮಾ, ಹೃದ್ರೋಗ, ಮೂರ್ಛೆರೋಗ, ಕಿವಿ ಅಥವಾ ಶ್ವಾಸಕೋಶದ ಶಸ್ತ್ರಚಿಕಿತ್ಸೆ ಇವುಗಳನ್ನು ಮುಚ್ಚಿಡಬಾರದು. ಗರ್ಭಿಣಿಯರು ಡೈವ್ ಮಾಡತಕ್ಕದ್ದಲ್ಲ. ನೆಗಡಿ ಇದ್ದಲ್ಲಿ ಕಿವಿಯೊಳಗಿನ ಒತ್ತಡ ಸರಿಹೊಂದುವುದಿಲ್ಲವಾದ್ದರಿಂದ ಡೈವ್ ಮುಂದೂಡಬೇಕು. ಮದ್ಯ ಸೇವಿಸಿ ನೀರಿಗೆ ಇಳಿಯತಕ್ಕದ್ದಲ್ಲ. ಹಣ ಪಾವತಿಸುವ ಮೊದಲು ತರಬೇತುದಾರರ ಪ್ರಮಾಣಪತ್ರ, ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಹಾಗೂ ಜೀವರಕ್ಷಕ ಕವಚಗಳಿರುವುದನ್ನು ವಿಚಾರಿಸಿ, ರಸೀದಿ ಪಡೆಯಬೇಕು.

7. ಬಾವಿ ಮತ್ತು ಕಾಲುವೆಯಲ್ಲಿ ಈಜು ಕಲಿತವರಿಗೆ ವಿಶೇಷ ಸೂಚನೆ

ನಮ್ಮ ಭಾಗದಲ್ಲಿ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ಬಹಳ ಮಂದಿ. ಬಾವಿಯಲ್ಲಿ ಮುಳುಗುವಾಗ ಉಸಿರು ಬಿಗಿಹಿಡಿಯುವುದು ಸರಿಯಾದ ಕ್ರಮ. ಸ್ಕೂಬಾ ಡೈವಿಂಗ್‌ನಲ್ಲಿ ಅದೇ ಅಭ್ಯಾಸ ಪ್ರಾಣಕ್ಕೆ ಕುತ್ತು ತರಬಲ್ಲದು. ಇದನ್ನು ಎಲ್ಲರೂ ಮನದಟ್ಟು ಮಾಡಿಕೊಳ್ಳತಕ್ಕದ್ದು.

ಕಾರಣ ಹೀಗಿದೆ. ಸಮುದ್ರದ ಮೇಲ್ಮೈಯಲ್ಲಿ ಇರುವ ಒತ್ತಡಕ್ಕಿಂತ 10 ಮೀಟರ್ ಆಳದಲ್ಲಿ ಎರಡರಷ್ಟು ಒತ್ತಡವಿರುತ್ತದೆ. ಸಿಲಿಂಡರ್‌ನಿಂದ ಬರುವ ಗಾಳಿಯೂ ಆ ಒತ್ತಡದಲ್ಲಿಯೇ ಶ್ವಾಸಕೋಶವನ್ನು ತುಂಬುತ್ತದೆ. ಉಸಿರು ಬಿಗಿಹಿಡಿದು ಮೇಲೆ ಬಂದಲ್ಲಿ ಅದೇ ಗಾಳಿ ಎರಡು ಪಟ್ಟು ಹಿಗ್ಗುತ್ತದೆ ಮತ್ತು ಶ್ವಾಸಕೋಶಕ್ಕೆ ಹಾನಿಯಾಗುತ್ತದೆ. ಬಾವಿಯಲ್ಲಿ ಮುಳುಗುವವನು ಮೇಲಿನ ಗಾಳಿಯನ್ನೇ ಒಯ್ದು ಮರಳಿ ತರುವುದರಿಂದ ಈ ಅಪಾಯ ಇರುವುದಿಲ್ಲ. ಆದುದರಿಂದ ಸ್ಕೂಬಾದಲ್ಲಿ ಎಂದಿಗೂ ಉಸಿರು ಹಿಡಿಯಬಾರದು. ನಿಧಾನವಾಗಿ, ಸತತವಾಗಿ ಉಸಿರಾಡುತ್ತಿರಬೇಕು. ಛಾಯಾಚಿತ್ರ ತೆಗೆಯುವಾಗ ಕೈ ಅಲುಗದಿರಲೆಂದು ಉಸಿರು ತಡೆಯುವುದೂ ತಪ್ಪು. ಗಾಬರಿಯಾದಾಗ ಥಟ್ಟನೆ ಮೇಲಕ್ಕೆ ಏರದೆ ತರಬೇತುದಾರರಿಗೆ ಕೈಸನ್ನೆ ಮಾಡಬೇಕು.

8. ನೀರಿನಡಿ ಸೀ ಸ್ಲಗ್‌ಗಳನ್ನು ಹುಡುಕುವ ಕ್ರಮ

• ಮೊದಲು ಆಹಾರವನ್ನು ಹುಡುಕಬೇಕು. ಸ್ಪಂಜು, ಹೈಡ್ರಾಯ್ಡ್ ಹಾಗೂ ಪಾಚಿ ಇರುವಲ್ಲಿ ಕಣ್ಣು ನಿಲ್ಲಿಸಬೇಕು. ಅನೇಕ ಪ್ರಭೇದಗಳು ಒಂದೆರಡು ಬಗೆಯ ಆಹಾರವನ್ನು ಮಾತ್ರ ತಿನ್ನುತ್ತವೆ.

• ಟಾರ್ಚ್ ಬಳಸಬೇಕು. ನೀರು ಕೆಂಪು ಬಣ್ಣವನ್ನು ಮೊದಲು ಹೀರಿಕೊಳ್ಳುತ್ತದೆ. ಹತ್ತು ಮೀಟರ್ ಆಳದಲ್ಲಿ ಕೆಂಪು ಜೀವಿ ಮಂಕಾದ ಕಂದು ಅಥವಾ ಬೂದು ಬಣ್ಣದ್ದಾಗಿ ಕಾಣುತ್ತದೆ. ಟಾರ್ಚಿನ ಬೆಳಕು ಬಿದ್ದೊಡನೆ ನಿಜವಾದ ಬಣ್ಣ ತೋರುತ್ತದೆ.

• ಒಂದೇ ಬಂಡೆಯನ್ನು ನಿಧಾನವಾಗಿ ನೋಡಬೇಕು. ಹೆಚ್ಚು ದೂರ ಈಜುವುದರಿಂದ ಪ್ರಯೋಜನವಿಲ್ಲ. ನೆರಳಿನ ಅಂಚು ಹಾಗೂ ಬಂಡೆಯ ಬಿರುಕುಗಳನ್ನು ದೂರದಿಂದಲೇ ಪರಿಶೀಲಿಸಬೇಕು.

• ಮೊಟ್ಟೆಗಳ ಪಟ್ಟಿಯನ್ನು ಗಮನಿಸಬೇಕು. ಜಿಲೇಬಿಯಂತೆ ಸುರುಳಿ ಸುತ್ತಿಕೊಂಡ, ಬಿಳಿ, ಹಳದಿ ಅಥವಾ ಗುಲಾಬಿ ಬಣ್ಣದ ರಿಬ್ಬನ್ ಕಂಡಲ್ಲಿ ಸೀ ಸ್ಲಗ್ ಸಮೀಪದಲ್ಲಿರುವ ಸಂಭವ ಹೆಚ್ಚು.

• ಜೊತೆಗಾರನಿಂದ ದೂರ ಸರಿಯಬಾರದು. ಸಣ್ಣ ಜೀವಿಯ ಮೇಲೆ ಗಮನವಿಟ್ಟಾಗ ಗಾಳಿಯ ಮಾಪಕವನ್ನೂ ಆಳವನ್ನೂ ಮರೆಯುವುದು ಸಾಮಾನ್ಯ. ಪ್ರತಿ ಜೀವಿಯನ್ನು ನೋಡಿದ ನಂತರ ಮಾಪಕವನ್ನು ನೋಡುವ ರೂಢಿ ಇಟ್ಟುಕೊಳ್ಳಬೇಕು.

9. ಮಾಡಬಾರದ ಕಾರ್ಯಗಳು

• ಸೀ ಸ್ಲಗ್‌ಅನ್ನು ಮುಟ್ಟಬಾರದು, ಕಡ್ಡಿಯಿಂದ ಕೆಣಕಬಾರದು, ಚಿತ್ರಕ್ಕಾಗಿ ಬೇರೆ ಸ್ಥಳಕ್ಕೆ ಇಡಬಾರದು. ತನ್ನ ಆಹಾರದಿಂದ ಬೇರ್ಪಟ್ಟ ಸೀ ಸ್ಲಗ್ ಮರಳಿ ಅಲ್ಲಿಗೆ ತಲುಪದೆ ಸಾಯಬಹುದು.

• ಹವಳದ ಮೇಲೆ ನಿಲ್ಲಬಾರದು, ಹಿಡಿದುಕೊಳ್ಳಬಾರದು, ಫಿನ್‌ಗಳಿಂದ ಒದೆಯಬಾರದು. ಗುಂಡು ಆಕಾರದ ಹವಳಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಒಂದು ಒದೆತಕ್ಕೆ ಹತ್ತಾರು ವರ್ಷಗಳ ಬೆಳವಣಿಗೆ ಮುರಿದು ಬೀಳುತ್ತದೆ.

• ಹವಳದ ತುಂಡು ಅಥವಾ ಸಮುದ್ರ ಜೀವಿಗಳನ್ನು ನೆನಪಿಗಾಗಿ ಮನೆಗೆ ತರಬಾರದು. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಅನುಸೂಚಿಯಲ್ಲಿ ಸೇರಿದ್ದು, ಅವುಗಳನ್ನು ಸಂಗ್ರಹಿಸುವುದು ಹಾಗೂ ಮಾರುವುದು ಶಿಕ್ಷಾರ್ಹ.

• ಪ್ಲಾಸ್ಟಿಕ್ ಬಾಟಲಿ, ತಿಂಡಿಯ ಪೊಟ್ಟಣಗಳನ್ನು ಸಮುದ್ರಕ್ಕೆ ಎಸೆಯಬಾರದು.

ಸಮುದ್ರದ ನೀರು ಬಿಸಿಯಾಗುತ್ತಿರುವುದರಿಂದ ಹವಳಗಳು ಈಗಾಗಲೇ ಸಂಕಷ್ಟದಲ್ಲಿವೆ. ಲಕ್ಷದ್ವೀಪದಲ್ಲಿ 1998, 2010, 2016 ಹಾಗೂ 2024ರಲ್ಲಿ ಹವಳಗಳು ಬಿಳಿಚಿಕೊಂಡವು. ಬಂಡೆ ಬರಿದಾದರೆ ಅದನ್ನು ಅವಲಂಬಿಸಿದ ಸಣ್ಣ ಜೀವಿಗಳೂ ಇಲ್ಲವಾಗುತ್ತವೆ. ಉಳಿದಿರುವುದನ್ನು ಸಂದರ್ಶಕರಾದರೂ ಕೆಡಿಸದಿರುವುದು ಕರ್ತವ್ಯ.

10. ಊರಿಗೆ ಹಿಂದಿರುಗುವ ಪ್ರಯಾಣದ ಬಗ್ಗೆ ಎಚ್ಚರಿಕೆ

ಕರಾವಳಿಯ ನಿವಾಸಿಗಳಿಗೆ ಅನ್ವಯಿಸದ, ಆದರೆ ಯಾದಗಿರಿ ಭಾಗದವರು ಗಮನಿಸಲೇಬೇಕಾದ ಅಂಶ ಇದು. ಡೈವ್ ಮಾಡಿದಾಗ ಗಾಳಿಯಲ್ಲಿನ ಸಾರಜನಕ ಹೆಚ್ಚಿನ ಪ್ರಮಾಣದಲ್ಲಿ ರಕ್ತ ಹಾಗೂ ಮಾಂಸಖಂಡಗಳಲ್ಲಿ ಕರಗುತ್ತದೆ. ಅದು ಹೊರಹೋಗಲು ಗಂಟೆಗಳು ಬೇಕು. ಅಷ್ಟರೊಳಗೆ ಎತ್ತರದ ಪ್ರದೇಶಕ್ಕೆ ಏರಿದಲ್ಲಿ, ಗೋಲಿ ಸೋಡಾದ ಬಾಟಲಿ ತೆರೆದಾಗ ಗುಳ್ಳೆ ಏಳುವಂತೆ, ದೇಹದಲ್ಲಿಯೂ ಗುಳ್ಳೆಗಳು ಮೂಡಬಹುದು. ಕೀಲುನೋವು, ಜೋಮು, ತಲೆಸುತ್ತು, ಅತಿಯಾದ ಆಯಾಸ ಇದರ ಲಕ್ಷಣಗಳು. ನಿರ್ಲಕ್ಷಿಸಿದಲ್ಲಿ ಅಂಗವೈಕಲ್ಯ ಉಂಟಾಗಬಹುದು.

ವಿಮಾನ ಪ್ರಯಾಣಕ್ಕೆ ಮೊದಲು ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕೆಂದು ಡೈವಿಂಗ್ ವೈದ್ಯಕೀಯ ಸಂಸ್ಥೆಗಳು ಶಿಫಾರಸು ಮಾಡಿವೆ. ಮುರ್ಡೇಶ್ವರದಿಂದ ಹುಬ್ಬಳ್ಳಿ ಮಾರ್ಗವಾಗಿ ನಮ್ಮ ಜಿಲ್ಲೆಗೆ ಬರುವವರು ಸಮುದ್ರ ಮಟ್ಟದಿಂದ ಘಟ್ಟವನ್ನೇರಿ 600 ಮೀಟರ್‌ಗೂ ಹೆಚ್ಚಿನ ಎತ್ತರವನ್ನು ಹಾದು ಬರುತ್ತಾರೆ. ಆದುದರಿಂದ ಡೈವ್ ಮುಗಿದ ಸಂಜೆಯೇ ಬಸ್ ಹತ್ತದೆ, ಆ ರಾತ್ರಿ ಕರಾವಳಿಯಲ್ಲಿಯೇ ತಂಗಿ ಮರುದಿನ ಹೊರಡುವುದು ಕ್ಷೇಮ. ಮೇಲ್ಕಂಡ ಲಕ್ಷಣಗಳು ಊರಿಗೆ ಬಂದ ನಂತರ ಕಾಣಿಸಿಕೊಂಡರೂ ಕೂಡಲೇ ಆಸ್ಪತ್ರೆಗೆ ತೆರಳಿ, ಡೈವ್ ಮಾಡಿದ ವಿಷಯವನ್ನು ವೈದ್ಯರಿಗೆ ಮೊದಲು ತಿಳಿಸತಕ್ಕದ್ದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈಜು ಬಾರದವರು ಡೈವ್ ಮಾಡಬಹುದೇ?
ಉತ್ತರ: ಪರಿಚಯ ಡೈವ್‌ಗೆ ಹಲವು ಸಂಸ್ಥೆಗಳು ಅವಕಾಶ ನೀಡುತ್ತವೆ. ಕೋರ್ಸ್‌ಗೆ ಈಜು ಅವಶ್ಯಕ. ನೀರಿನ ಭಯವಿರುವವರನ್ನು ಸ್ನೇಹಿತರು ಒತ್ತಾಯಿಸಬಾರದು.

ಪ್ರಶ್ನೆ: ಡೈವ್ ಮಾಡದೆಯೇ ಸೀ ಸ್ಲಗ್‌ಗಳನ್ನು ನೋಡಲು ಸಾಧ್ಯವೇ?
ಉತ್ತರ: ಸಾಧ್ಯ. ಸಮುದ್ರದ ಇಳಿತದ ವೇಳೆಯಲ್ಲಿ ಬಂಡೆಗಳ ನಡುವೆ ಉಳಿಯುವ ನೀರಿನ ಗುಂಡಿಗಳಲ್ಲಿ ಕೆಲವು ಪ್ರಭೇದಗಳು ಕಾಣಸಿಗುತ್ತವೆ. ಇಳಿತದ ಸಮಯವನ್ನು ಸ್ಥಳೀಯ ಮೀನುಗಾರರಿಂದ ತಿಳಿದು, ಭರತ ಆರಂಭವಾಗುವ ಮೊದಲೇ ಹಿಂದಿರುಗಬೇಕು. ವಯಸ್ಸಾದವರಿಗೂ ಶಾಲಾ ಮಕ್ಕಳಿಗೂ ಇದು ಅನುಕೂಲಕರ.

ಪ್ರಶ್ನೆ: ಸೀ ಸ್ಲಗ್ ಮನುಷ್ಯರಿಗೆ ಅಪಾಯಕಾರಿಯೇ?
ಉತ್ತರ: ಬಹುತೇಕ ಪ್ರಭೇದಗಳು ಅಲ್ಲ. ಆದರೆ ಗ್ಲಾಕಸ್ ಎಂಬ ತೇಲುವ ನೀಲಿ ಸೀ ಸ್ಲಗ್ ಕುಟುಕಬಲ್ಲದು. 2023ರ ಡಿಸೆಂಬರ್‌ನಲ್ಲಿ ಚಂಡಮಾರುತದ ನಂತರ ಇವು ಚೆನ್ನೈ ಕಡಲತೀರಕ್ಕೆ ತೇಲಿಬಂದಿದ್ದವು. ದಡದಲ್ಲಿ ಬಿದ್ದ ನೀಲಿ ಜೀವಿಗಳನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು.

ಪ್ರಶ್ನೆ: ಒಂದು ಡೈವ್‌ನಲ್ಲಿ ಸೀ ಸ್ಲಗ್ ಖಂಡಿತ ಕಾಣುವುದೇ?
ಉತ್ತರ: ಖಾತರಿ ಇಲ್ಲ. ನೀರಿನ ಸ್ಪಷ್ಟತೆ, ಋತು ಹಾಗೂ ನೋಡುವವರ ತಾಳ್ಮೆಯನ್ನು ಅದು ಅವಲಂಬಿಸಿದೆ. ಕಾಣಲೇಬೇಕೆಂದು ತರಬೇತುದಾರರ ಮೇಲೆ ಒತ್ತಡ ಹೇರಬಾರದು.

ಪ್ರಶ್ನೆ: ತೆಗೆದ ಚಿತ್ರಗಳನ್ನು ಏನು ಮಾಡಬಹುದು?
ಉತ್ತರ: ದಿನಾಂಕ, ಸ್ಥಳ, ಆಳ ಹಾಗೂ ಯಾವುದರ ಮೇಲೆ ಕಂಡುಬಂದಿತು ಎಂಬ ವಿವರದೊಂದಿಗೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ಹೆಸರು ತಿಳಿಯದಿದ್ದರೂ ಅಡ್ಡಿಯಿಲ್ಲ. ಬಲ್ಲವರು ಗುರುತಿಸಲು ನೆರವಾಗುತ್ತಾರೆ.

12. ತುರ್ತು ಸಂದರ್ಭದಲ್ಲಿ

ಎಲ್ಲ ತುರ್ತು ಸೇವೆಗಳಿಗೆ 112 ಹಾಗೂ ಸಮುದ್ರದಲ್ಲಿ ರಕ್ಷಣಾ ಕಾರ್ಯಕ್ಕಾಗಿ ಭಾರತೀಯ ತಟರಕ್ಷಕ ಪಡೆಯ ಶುಲ್ಕರಹಿತ ಸಂಖ್ಯೆ 1554ಕ್ಕೆ ಕರೆ ಮಾಡಬಹುದು. ಹೊರಡುವ ಮೊದಲು ದೋಣಿ ಮರಳುವ ಸಮಯವನ್ನು ದಡದಲ್ಲಿರುವ ಒಬ್ಬರಿಗಾದರೂ ತಿಳಿಸಿರಬೇಕು.

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಓದಿ, ಜೊತೆಯಲ್ಲಿ ಬರುವ ಎಲ್ಲರಿಗೂ ವಿಶೇಷವಾಗಿ 7 ಮತ್ತು 10ನೇ ಅಂಶಗಳನ್ನು ವಿವರಿಸಿ, ಸುರಕ್ಷಿತವಾಗಿ ಪ್ರವಾಸ ಕೈಗೊಳ್ಳಬೇಕಾಗಿ ಕೋರಲಾಗಿದೆ.